ಗಣಕ ಪ್ರಶ್ನೋತ್ತರ: ವಿಂಡೋಸ್, ಮ್ಯಾಕ್, ಲಿನಕ್ಸ್ – ಮನೆಯ ಗಣಕಕ್ಕೆ ನೆಚ್ಚಬಹುದಾದದ್ದು ಯಾವುದು?

ಆಪರೇಟಿಂಗ್ ಸಿಸ್ಟಮ್‌ಗಳು, ಅಂದರೆ ಕಾರ್ಯಾಚರಣ ವ್ಯವಸ್ಥೆಗಳು, ಎಷ್ಟರಮಟ್ಟಿಗೆ ಸ್ಥಿರವಾಗಿ ನಡೆಯುತ್ತವೆ ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಹೊಸ ಕಂಪ್ಯೂಟರ್ ಕೊಳ್ಳಬೇಕೆಂದಿದ್ದೇನೆ. ವಿದೇಶದಲ್ಲಿರುವ ಮಗ ಮ್ಯಾಕ್ ಒಂದೇ ಕೈಕೊಡುವುದಿಲ್ಲ ಎನ್ನುತ್ತಾನೆ. ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗ ಲಿನಕ್ಸ್ ಹಾಕಿಸಿಕೊಳ್ಳಿ ಎನ್ನುತ್ತಾನೆ. ಊರಿನ ಅಂಗಡಿಯವರು ವಿಂಡೋಸ್ ಬಿಟ್ಟು ಬೇರೆ ಯೋಚನೆಯೇ ಬೇಡ ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಿಜಕ್ಕೂ ಹೆಚ್ಚು ಸ್ಥಿರ? ಯಾರಾದರೂ ಅಳೆದು ನೋಡಿದ್ದಾರೆಯೇ?
– ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಸಾಗರ

ಉತ್ತರ: ಈ ಪ್ರಶ್ನೆಯನ್ನು ತಾವು 1999ರಲ್ಲಿ ಕೇಳಿದ್ದರೆ ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆಗ ಮನೆಗಳಲ್ಲಿದ್ದ ವಿಂಡೋಸ್ 98 ಮತ್ತು ಮ್ಯಾಕ್‌ನ ಹಳೆಯ ವ್ಯವಸ್ಥೆ ಎರಡರಲ್ಲೂ ಬುಡದಲ್ಲೇ ಒಂದು ಕೊರತೆಯಿತ್ತು. ಒಂದು ತಂತ್ರಾಂಶವು ಇನ್ನೊಂದರ ಸ್ಮೃತಿಯನ್ನಾಗಲಿ (ಮೆಮೊರಿ) ವ್ಯವಸ್ಥೆಯ ಸ್ವಂತ ಸ್ಮೃತಿಯನ್ನಾಗಲಿ ಕೆಡಿಸದಂತೆ ತಡೆಯುವ ಗೋಡೆ ಹಳೆಯ ಮ್ಯಾಕ್‌ನಲ್ಲಿ ಇರಲೇ ಇಲ್ಲ. ಅಷ್ಟೇ ಅಲ್ಲ, ಒಂದು ತಂತ್ರಾಂಶ ತಾನಾಗಿಯೇ ಸರದಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಪ್ರೊಸೆಸರ್ ಸಿಗುತ್ತಿತ್ತು. ವಿಂಡೋಸ್ 95 ಮತ್ತು 98ರಲ್ಲಿ ಗೋಡೆಯೇನೋ ಇತ್ತು, ಆದರೆ ಹಳೆಯ ಡಾಸ್ ತಂತ್ರಾಂಶಗಳೂ 16 ಬಿಟ್‌ನ ತಂತ್ರಾಂಶಗಳೂ ನಡೆಯಲೇಬೇಕೆಂಬ ಕಾರಣಕ್ಕೆ ವ್ಯವಸ್ಥೆಯ ಕೆಲವು ಮುಖ್ಯ ಭಾಗಗಳನ್ನು ಎಲ್ಲರ ಕೈಗೂ ಸಿಗುವಂತೆ ಬಿಡಲಾಗಿತ್ತು. 1998ರ ಏಪ್ರಿಲ್‌ನಲ್ಲಿ ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಸ್ವತಃ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ, ಸಹಾಯಕರು ಸ್ಕ್ಯಾನರ್ ಒಂದನ್ನು ಜೋಡಿಸಿದೊಡನೆ ಬಿಡುಗಡೆಗೆ ಸಿದ್ಧವಾಗುತ್ತಿದ್ದ ವಿಂಡೋಸ್ 98 ನೀಲಿ ಪರದೆ ತೋರಿಸಿ ನಿಂತುಹೋಯಿತು. ಅದೇ ಸಾಲಿನ ಇನ್ನೊಂದು ದೋಷ ಇನ್ನೂ ಸ್ವಾರಸ್ಯಕರವಾದದ್ದು. ಗಣಕ ಚಾಲೂ ಆದಂದಿನಿಂದ ಕಳೆದ ಮಿಲಿಸೆಕೆಂಡುಗಳನ್ನು 32 ಬಿಟ್‌ನ ಸಂಖ್ಯೆಯಲ್ಲಿ ಎಣಿಸಲಾಗುತ್ತಿತ್ತು. ಆ ಸಂಖ್ಯೆ ಸುಮಾರು 49.7 ದಿನಗಳಲ್ಲಿ ತುಂಬಿ ಮತ್ತೆ ಸೊನ್ನೆಗೆ ಬರುವುದರಿಂದ, ಅಷ್ಟು ದಿನ ಆರಿಸದೆ ಇಟ್ಟ ಗಣಕ ಸ್ತಬ್ಧವಾಗಿಬಿಡಬಹುದಿತ್ತು. ಈ ದೋಷ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟು ದಿನ ಸತತವಾಗಿ ನಡೆದ ವಿಂಡೋಸ್ 95 ಎಷ್ಟು ಅಪರೂಪವಾಗಿತ್ತು ಎಂಬುದನ್ನು ಅದರಿಂದಲೇ ಊಹಿಸಬಹುದು.

ಗಟ್ಟಿಯಾದ ವ್ಯವಸ್ಥೆಗಳು ಆಗಲೂ ಇದ್ದವು, ಮನೆಗಳಿಗೆ ಬಂದಿರಲಿಲ್ಲ ಅಷ್ಟೆ. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಿಂದ ಬಂದ ಡೇವ್ ಕಟ್ಲರ್ ಮುಂದಾಳತ್ವದಲ್ಲಿ ಮೈಕ್ರೋಸಾಫ್ಟ್ ಹೊಸದಾಗಿ ಕಟ್ಟಿದ ವಿಂಡೋಸ್ ಎನ್‌ಟಿ 1993ರಲ್ಲೇ ಬಿಡುಗಡೆಯಾಗಿತ್ತು. ಆದರೆ ಅದಕ್ಕೆ ಕನಿಷ್ಠ 12 ಎಂಬಿ ರ‍್ಯಾಮ್ ಬೇಕಿತ್ತು. ಎರಡು ವರ್ಷಗಳ ನಂತರ ಬಂದ ವಿಂಡೋಸ್ 95 ಕೇವಲ 4 ಎಂಬಿಯಲ್ಲಿ ಹೇಗೋ ನಡೆಯುತ್ತಿತ್ತು. ರ‍್ಯಾಮ್ ದುಬಾರಿಯಾಗಿದ್ದ ಆ ದಿನಗಳಲ್ಲಿ ಮನೆಯವರು ಯಾವುದನ್ನು ಆರಿಸಿಕೊಂಡಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ಚಿತ್ರ ಬದಲಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಆಪಲ್, ತಾನು ಕೊಂಡುಕೊಂಡಿದ್ದ ನೆಕ್ಸ್ಟ್ ಸಂಸ್ಥೆಯ, ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಮೂಲದ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಮ್ಯಾಕ್ ಓಎಸ್ ಟೆನ್ ಹೊರತಂದಿತು. ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಎನ್‌ಟಿಯ ತಿರುಳನ್ನು, ಅಂದರೆ ಯಂತ್ರವನ್ನು ನೇರವಾಗಿ ಆಳುವ ಒಳಭಾಗವಾದ ಕರ್ನಲನ್ನು, ಮನೆಯ ಗಣಕಗಳಿಗೆ ತಂದಿತು. 1991ರಲ್ಲಿ ಹುಟ್ಟಿದ ಲಿನಕ್ಸ್ ಮೊದಲಿನಿಂದಲೂ ಯುನಿಕ್ಸ್‌ನ ಮಾದರಿಯಲ್ಲೇ ಇತ್ತು. ಅಂದಿನಿಂದ ಈ ಮೂರರ ತಿರುಳಿನಲ್ಲಿಯೂ, ಒಂದು ತಂತ್ರಾಂಶ ಕೆಟ್ಟರೆ ಅದನ್ನಷ್ಟೇ ಮುಚ್ಚಿ ಉಳಿದದ್ದನ್ನು ನಡೆಸಿಕೊಂಡು ಹೋಗುವ ಏರ್ಪಾಡು ಇದೆ. ಇಂದು ಮಗನೂ ತಂಗಿಯ ಮಗನೂ ಅಂಗಡಿಯವರೂ ವಾದಿಸುತ್ತಿರುವುದು ಬಹುಮಟ್ಟಿಗೆ ಹಳೆಯ ಕೀರ್ತಿ ಅಪಕೀರ್ತಿಗಳ ಮೇಲೆ.

ಅಳೆದವರು ಇದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಮತ್ತು ಸಂಗಡಿಗರು, ಅರ್ಥವಿಲ್ಲದ ಯಾದೃಚ್ಛಿಕ ಅಕ್ಷರಗಳನ್ನು ತಂತ್ರಾಂಶಗಳಿಗೆ ಉಣಿಸಿ ಯಾವುದು ತಾಳಿಕೊಳ್ಳುತ್ತದೆ, ಯಾವುದು ಕುಸಿಯುತ್ತದೆ ಎಂದು ಹಲವು ಬಾರಿ ಪರೀಕ್ಷಿಸಿದ್ದಾರೆ. 1990ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ, ಯುನಿಕ್ಸ್‌ನ ವಿವಿಧ ಆವೃತ್ತಿಗಳಲ್ಲಿದ್ದ ಸಣ್ಣಪುಟ್ಟ ಸಾಧನಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿದಿದ್ದವು. 1995ರಲ್ಲಿ ಹಣ ಕೊಟ್ಟು ಕೊಳ್ಳುವ ಯುನಿಕ್ಸ್‌ಗಳಲ್ಲಿ ಈ ಪ್ರಮಾಣ ಶೇ. 15ರಿಂದ 43ರವರೆಗೆ ಇದ್ದರೆ, ಉಚಿತವಾಗಿ ಸಿಗುವ ಲಿನಕ್ಸ್‌ನಲ್ಲಿ ಶೇ. 9 ಮಾತ್ರ ಇತ್ತು. 2000ದಲ್ಲಿ ವಿಂಡೋಸ್ ಎನ್‌ಟಿಯ ತಂತ್ರಾಂಶಗಳಲ್ಲಿ ಶೇ. 45ರಷ್ಟು ಕುಸಿದವು ಇಲ್ಲವೇ ಹ್ಯಾಂಗ್ ಆದವು. 2006ರಲ್ಲಿ ಮ್ಯಾಕ್‌ನ ಕಿಟಕಿ ತೆರೆದು ಬಳಸುವ 30 ತಂತ್ರಾಂಶಗಳಲ್ಲಿ 8 ಮಾತ್ರ ಪೂರ್ತಿ ತಾಳಿಕೊಂಡವು. 2020ರ ಮರುಪರೀಕ್ಷೆಯಲ್ಲಿ ಆಜ್ಞೆಗಳನ್ನು ಬೆರಳಚ್ಚಿಸಿ ನಡೆಸುವ ಕಮಾಂಡ್ ಸಾಲಿನ ಸಾಧನಗಳ ಸೋಲು ಲಿನಕ್ಸ್‌ನಲ್ಲಿ ಶೇ. 12, ಮ್ಯಾಕ್‌ನಲ್ಲಿ ಶೇ. 16, ಯುನಿಕ್ಸ್ ಕುಲದ ಇನ್ನೊಂದು ಉಚಿತ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲಿ ಶೇ. 19. ಈ ಅಂಕಿಗಳನ್ನು ಹಿಡಿದು ಲಿನಕ್ಸ್ ಗೆದ್ದಿತೆಂದು ತೀರ್ಪು ಕೊಡುವವರಿದ್ದಾರೆ, ನಾನು ಕೊಡಲಾರೆ. ಇಲ್ಲಿ ಅಳೆದದ್ದು ವ್ಯವಸ್ಥೆಯ ಜೊತೆಗೆ ಬರುವ ಅಥವಾ ಅದರ ಮೇಲೆ ನಡೆಯುವ ತಂತ್ರಾಂಶಗಳನ್ನೇ ಹೊರತು ಇಡೀ ಗಣಕ ನಿಂತುಹೋಗುವುದನ್ನಲ್ಲ, ಅದೂ ಯಾವ ಮನೆಯವರೂ ಮಾಡದ ರೀತಿಯಲ್ಲಿ ಪೀಡಿಸಿ.

ಇಡೀ ಗಣಕವನ್ನು ನಿಲ್ಲಿಸುವ ಶಕ್ತಿ ಇರುವುದು ತಿರುಳಿಗೆ ಮತ್ತು ತಿರುಳಿನೊಳಗೆ ಕುಳಿತು ಕೆಲಸ ಮಾಡುವ ಚಾಲಕ ತಂತ್ರಾಂಶಗಳಿಗೆ, ಅಂದರೆ ಡ್ರೈವರ್‌ಗಳಿಗೆ. 2001ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು ಲಿನಕ್ಸ್ ತಿರುಳಿನ ಆಕರ ಸಂಕೇತವನ್ನು (ಸೋರ್ಸ್ ಕೋಡ್) ಜಾಲಾಡಿದಾಗ, ಡ್ರೈವರ್‌ಗಳಲ್ಲಿ ತಪ್ಪುಗಳ ಪ್ರಮಾಣ ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟು ಹೆಚ್ಚಿತ್ತು. ವಿಂಡೋಸ್ ಎಕ್ಸ್‌ಪಿಯ ಕುಸಿತಗಳಲ್ಲಿ ಶೇ. 85ರಷ್ಟಕ್ಕೆ ಡ್ರೈವರ್‌ಗಳೇ ಕಾರಣವೆಂದು 2003ರ ಸಂಶೋಧನಾ ಪ್ರಬಂಧವೊಂದು ದಾಖಲಿಸಿದೆ. ಹಾಗಾಗಿ ತಾವು ಕೇಳಬೇಕಾದ ಪ್ರಶ್ನೆ ವಿಂಡೋಸೋ ಮ್ಯಾಕೋ ಎಂಬುದಲ್ಲ; ತಾವು ಕೊಳ್ಳುವ ಗಣಕದ ಬಿಡಿಭಾಗಗಳಿಗೆ ಡ್ರೈವರ್ ಬರೆದವರು ಯಾರು, ಅವನ್ನು ಆ ವ್ಯವಸ್ಥೆಯೊಂದಿಗೆ ಎಷ್ಟು ಪರೀಕ್ಷಿಸಿದ್ದಾರೆ ಎಂಬುದು. ಮ್ಯಾಕ್‌ಗೆ ಇರುವ ನಿಜವಾದ ಅನುಕೂಲ ಇಲ್ಲಿದೆ. ಯಂತ್ರ ಮತ್ತು ವ್ಯವಸ್ಥೆ ಎರಡನ್ನೂ ಒಂದೇ ಸಂಸ್ಥೆ ಮಾಡುವುದರಿಂದ ಪರೀಕ್ಷಿಸಬೇಕಾದ ಮಾದರಿಗಳು ಕೆಲವೇ. ಜೊತೆಗೆ 2019ರ ಕ್ಯಾಟಲೀನಾ ಆವೃತ್ತಿಯಿಂದೀಚೆಗೆ ಹೊರಗಿನವರ ತಂತ್ರಾಂಶಗಳನ್ನು ತಿರುಳಿನಿಂದ ಆಚೆ ಕಳುಹಿಸುವ ಕೆಲಸವನ್ನು ಆಪಲ್ ಮಾಡುತ್ತಾ ಬಂದಿದೆ. ವಿಂಡೋಸ್ ಲೆಕ್ಕವಿಲ್ಲದಷ್ಟು ತಯಾರಕರ ಬಿಡಿಭಾಗಗಳ ಮೇಲೆ ನಡೆಯಬೇಕು. ಆದರೂ ವಿಸ್ಟಾ ಆವೃತ್ತಿಯ ಕಾಲದಿಂದೀಚೆಗೆ ಅದರಲ್ಲಿ ಗ್ರಾಫಿಕ್ಸ್ ಡ್ರೈವರ್ ಎರಡು ಸೆಕೆಂಡು ಉತ್ತರಿಸದೆ ಹೋದರೆ ಗಣಕವನ್ನು ಬೀಳಿಸದೆ ಡ್ರೈವರನ್ನಷ್ಟೇ ಮತ್ತೆ ಆರಂಭಿಸುವ ವ್ಯವಸ್ಥೆಯಿದೆ; ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುವುದನ್ನು ತಾವೂ ನೋಡಿರಬಹುದು. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ತಿರುಳಿನ ಜೊತೆಯಲ್ಲೇ ಬೆಳೆಯುತ್ತವೆ. ಹಾಗಾಗಿ ತುಸು ಹಳೆಯದಾದ, ಎಲ್ಲರ ಬಳಕೆಯಲ್ಲಿರುವ ಯಂತ್ರದ ಮೇಲೆ ಅದು ಬಹಳ ಗಟ್ಟಿ. ಈಚೆಗೆ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್‌ನಲ್ಲಿ ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳದಿರುವುದು, ವೈಫೈ ಕಡಿದುಹೋಗುವುದು ಮುಂತಾದ ಕಿರಿಕಿರಿಗಳು ಎದುರಾಗುತ್ತವೆ.

ತಮಗೆ ನನ್ನ ಸಲಹೆ: ಹಣ ಅಡ್ಡಿಯಲ್ಲವಾದರೆ ಮಗನ ಮಾತು ಕೇಳಬಹುದು. ಅಡ್ಡಿಯಾದರೆ ಹೆಸರುವಾಸಿ ತಯಾರಕರ, ವಿಂಡೋಸ್ ಹಾಕಿಯೇ ಬಂದ ಲ್ಯಾಪ್‌ಟಾಪ್ ಕೊಂಡು, ತೊಂದರೆಯಾದಾಗ ನೋಡಿಕೊಡುವವರು ಸಾಗರದಲ್ಲೇ ಸಿಗುತ್ತಾರೆಂಬ ನೆಮ್ಮದಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ತಂಗಿಯ ಮಗ ಮನೆಗೆ ಬಂದುಹೋಗುವಷ್ಟು ಹತ್ತಿರದಲ್ಲಿದ್ದರೆ ಲಿನಕ್ಸ್ ಕೂಡ ಸರಿಯೇ.

ಪ್ರಶ್ನೆ: ನನ್ನದು ಸಣ್ಣ ಡಿಟಿಪಿ ಅಂಗಡಿ. ಅಸೆಂಬಲ್ ಮಾಡಿಸಿದ ಗಣಕವು ವಾರಕ್ಕೆ ಎರಡು ಮೂರು ಸಲ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ಕೆಲವೊಮ್ಮೆ ನೀಲಿ ಪರದೆ ಬರುತ್ತದೆ. ಫಾರ್ಮ್ಯಾಟ್ ಮಾಡಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಿದರೂ ಅದೇ ಕಥೆ. ಲಿನಕ್ಸ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ?
– ಡಿಟಿಪಿ ಅಂಗಡಿಯ ಮಾಲೀಕರು, ಗದಗ

ಉತ್ತರ: ಹೊಸದಾಗಿ ಹಾಕಿಸಿದ ಮೇಲೂ ಅದೇ ತೊಂದರೆ ಅದೇ ರೀತಿಯಲ್ಲಿ ಮರುಕಳಿಸುತ್ತಿದೆ ಎಂದರೆ ಮೊದಲು ಸಂಶಯಪಡಬೇಕಾದದ್ದು ಯಂತ್ರಾಂಶವನ್ನು. ಮೈಕ್ರೋಸಾಫ್ಟ್‌ನ ಸಂಶೋಧಕರು 2011ರಲ್ಲಿ ಸುಮಾರು ಹತ್ತು ಲಕ್ಷ ಗ್ರಾಹಕರ ಗಣಕಗಳಿಂದ ಬಂದ ದೋಷವರದಿಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ತಮ್ಮಂಥವರಿಗೆಂದೇ ಬರೆದಂತಿದೆ. ಯಂತ್ರಾಂಶದ ದೋಷದಿಂದ ಒಮ್ಮೆ ಕುಸಿದ ಗಣಕವು ಮತ್ತೊಮ್ಮೆ ಕುಸಿಯುವ ಸಂಭವ, ಮೊದಲ ಸಲದ ಸಂಭವಕ್ಕಿಂತ ನೂರು ಪಟ್ಟಿನವರೆಗೂ ಹೆಚ್ಚು ಎಂದು ಅದು ತೋರಿಸಿತು. ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ತುಸು ಹೆಚ್ಚು ಓಡಿಸಿದರೂ ಕುಸಿತಗಳು ಗಣನೀಯವಾಗಿ ಏರುತ್ತವೆ. ಹೆಸರುವಾಸಿ ತಯಾರಕರ ಗಣಕಗಳು ಅಸೆಂಬಲ್ ಮಾಡಿದವುಗಳಿಗಿಂತ ಹೆಚ್ಚು ಬಾಳುತ್ತವೆ. ಓಡಾಟದಲ್ಲಿ ಪೆಟ್ಟು ತಿನ್ನುವ ಲ್ಯಾಪ್‌ಟಾಪ್‌ಗಳೇ ಮೇಜಿನ ಗಣಕಗಳಿಗಿಂತ ಕಡಿಮೆ ಕೈಕೊಡುತ್ತವೆ ಎಂಬುದೂ ಅದರಲ್ಲಿ ಕಂಡುಬಂತು. ಈ ಕೊನೆಯ ಮಾತನ್ನು ನಮ್ಮಲ್ಲಿ ಹೇಳಿದರೆ ನಂಬುವವರು ಕಡಿಮೆ.

ಪರೀಕ್ಷೆಯನ್ನು ಹೀಗೆ ಮಾಡಿ. ವಿಂಡೋಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ರಿಲಯಬಿಲಿಟಿ’ ಎಂಬ ಇಂಗ್ಲಿಷ್ ಪದವನ್ನು ಬೆರಳಚ್ಚಿಸಿದರೆ ರಿಲಯಬಿಲಿಟಿ ಹಿಸ್ಟರಿ ತೆರೆದುಕೊಳ್ಳುತ್ತದೆ. ವಿಸ್ಟಾ ಕಾಲದಿಂದ ಇದ್ದರೂ ರಿಪೇರಿಯವರು ತೆರೆದು ನೋಡುವುದು ಅಪರೂಪ. ದಿನದಿನಕ್ಕೆ ಏನೇನು ಕುಸಿಯಿತು, ಅದೇ ದಿನ ಯಾವ ಡ್ರೈವರ್ ಅಥವಾ ತಂತ್ರಾಂಶ ಹೊಸದಾಗಿ ಬಂತು ಎಂಬುದನ್ನು ಅದು ಒಂದೇ ನಕ್ಷೆಯಲ್ಲಿ ತೋರಿಸಿ, 1ರಿಂದ 10ರವರೆಗೆ ಅಂಕವನ್ನೂ ಕೊಡುತ್ತದೆ. ಬೀಳುವುದು ಪ್ರತಿ ಸಲವೂ ಒಂದೇ ಡ್ರೈವರಿನ ಹೆಸರಿನಲ್ಲಾದರೆ ಆ ಡ್ರೈವರನ್ನು ಬದಲಾಯಿಸಬೇಕು. ಒಂದೊಂದು ಸಲ ಒಂದೊಂದು ಹೆಸರು ಬರುತ್ತಿದ್ದರೆ ರ‍್ಯಾಮ್ ಕೆಟ್ಟಿರುವ ಸಂಭವ ಹೆಚ್ಚು. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, ಅಂಗಡಿ ಮುಚ್ಚಿದ ಮೇಲೆ ರಾತ್ರಿಯಿಡೀ ನಡೆಯಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ, ರ‍್ಯಾಮ್ ಪಟ್ಟಿಯ ತುದಿಯನ್ನು ರಬ್ಬರಿನಿಂದ ಒರೆಸಿ ಮತ್ತೆ ಕೂರಿಸಿ ಪರೀಕ್ಷಿಸಿ. ಆಗಲೂ ತಪ್ಪು ಬಂದರೆ ಪಟ್ಟಿಯನ್ನೇ ಬದಲಿಸಬೇಕು. ಯಾವ ಕುರುಹನ್ನೂ ಬಿಡದೆ, ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲದೆ ರೀಸ್ಟಾರ್ಟ್ ಆಗುತ್ತಿದ್ದರೆ, ಎಸ್‌ಎಂಪಿಎಸ್ (ಗಣಕದೊಳಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ), ಯುಪಿಎಸ್ ಬ್ಯಾಟರಿ ಇಲ್ಲವೇ ಫ್ಯಾನಿನಲ್ಲಿ ತುಂಬಿದ ಧೂಳಿನ ಕಡೆ ನೋಡಿ. ಅಂಗಡಿಗೆ ಇನ್ವರ್ಟರ್ ಇದ್ದರೆ ಅದರ ಹಿಂದಿರುವ ಗುಂಡಿ ಯುಪಿಎಸ್ ಕಡೆಗಿದೆಯೇ ಎಂದು ಗಮನಿಸಿ. ಸಾಮಾನ್ಯ ಸ್ಥಿತಿಯಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಫ್ಯಾನು ದೀಪಗಳಿಗೆ ಏನೂ ಆಗದಿದ್ದರೂ ಗಣಕ ರೀಸ್ಟಾರ್ಟ್ ಆಗಿರುತ್ತದೆ.

ಇದಿಷ್ಟರಲ್ಲಿ ಲಿನಕ್ಸ್‌ಗೂ ಒಂದು ಪಾತ್ರವಿದೆ, ಪರೀಕ್ಷಕನಾಗಿ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಗಣಕದ ಡಿಸ್ಕನ್ನು ಮುಟ್ಟದೆ ಅದರಿಂದಲೇ ಒಂದೆರಡು ದಿನ ನಡೆಸಿ ನೋಡಿ. ಅದರಲ್ಲೂ ಗಣಕ ಬಿದ್ದರೆ ದೋಷ ಯಂತ್ರದ್ದೇ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಖಾಯಂ ಆಗಿ ಬದಲಾಯಿಸುವುದನ್ನು ಮಾತ್ರ ತಮಗೆ ಹೇಳಲಾರೆ. ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದನ್ನೇ ನೆಚ್ಚಿಕೊಂಡಿರುವ ಕನ್ನಡ ಡಿಟಿಪಿ ಕೆಲಸಕ್ಕೆ, ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿರುವ ಕಡತಗಳಿಗೆ ಲಿನಕ್ಸ್ ಹೊಂದುವುದಿಲ್ಲ. ಯುನಿಕೋಡ್‌ನಲ್ಲಿ ಬೆರಳಚ್ಚಿಸುವವರಿಗಾದರೆ ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ.

ಪ್ರಶ್ನೆ: 2024ರ ಜುಲೈನಲ್ಲಿ ಪ್ರಪಂಚದಾದ್ಯಂತ ವಿಂಡೋಸ್ ಗಣಕಗಳು ಒಂದು ಅಪ್‌ಡೇಟ್‌ನಿಂದಾಗಿ ನಿಂತುಹೋದವಲ್ಲವೇ? ಅಂದಿನಿಂದ ನಮ್ಮ ಮನೆಯಲ್ಲಿ ಅಪ್‌ಡೇಟ್ ಎಂದರೆ ಭಯ. ಪೂರ್ತಿಯಾಗಿ ನಿಲ್ಲಿಸಿಬಿಡುವುದು ಒಳ್ಳೆಯದೇ?
– ಪದವಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಆ ಅಪ್‌ಡೇಟ್ ವಿಂಡೋಸ್‌ನದಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ, ತನ್ನ ಫಾಲ್ಕನ್ ತಂತ್ರಾಂಶಕ್ಕಾಗಿ ಜುಲೈ 19ರಂದು ಕಳುಹಿಸಿದ ಒಂದು ಸಣ್ಣ ದತ್ತಾಂಶ ಕಡತದಲ್ಲಿ ತಪ್ಪಿತ್ತು. 20 ಅಂಶಗಳನ್ನಷ್ಟೇ ಕೊಡುತ್ತಿದ್ದ ಕಡೆ 21ನೆಯದನ್ನು ಓದಲು ಹೋದ ಆ ತಂತ್ರಾಂಶ ತನ್ನದಲ್ಲದ ಸ್ಮೃತಿಗೆ ಕೈಹಾಕಿತು. ಅದು ಕುಳಿತಿದ್ದದ್ದು ತಿರುಳಿನೊಳಗೆ ಆದ್ದರಿಂದ ಇಡೀ ಗಣಕವೇ ಬಿತ್ತು, ಮತ್ತೆ ಚಾಲೂ ಮಾಡಿದಾಗ ಮತ್ತೆ ಬಿತ್ತು. 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ಗಣಕಗಳಿಗೆ ಪೆಟ್ಟು ಬಿದ್ದಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್‌ಗಳನ್ನು ಹಂಚಿದ್ದು ಅದೇ ದಿನ. ಫಾಲ್ಕನ್ ಎಂಬುದು ಸಂಸ್ಥೆಗಳಿಗೆ ಮಾರುವ ತಂತ್ರಾಂಶವಾದ್ದರಿಂದ ಮನೆಗಳ ಗಣಕಗಳಿಗೆ ಆ ದಿನ ಏನೂ ಆಗಲಿಲ್ಲ. ಮೊದಲ ಉತ್ತರದಲ್ಲಿ ತಿರುಳಿನೊಳಗೆ ಯಾರಿದ್ದಾರೆಂಬುದೇ ಮುಖ್ಯ ಎಂದದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು.

ವಿಂಡೋಸ್‌ನ ಸ್ವಂತ ಅಪ್‌ಡೇಟ್‌ಗಳು ಎಂದೂ ತೊಂದರೆ ಕೊಟ್ಟಿಲ್ಲವೆಂದು ಇದರ ಅರ್ಥವಲ್ಲ. 2018ರ ಅಕ್ಟೋಬರ್‌ನ ವಿಂಡೋಸ್ 10 ಪರಿಷ್ಕರಣೆಯು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಬೇಕಾಯಿತು. ಕಡತಗಳನ್ನು ಕಳೆದುಕೊಂಡವರು ಅದನ್ನು ಮೊದಲ ದಿನಗಳಲ್ಲೇ ಹಾಕಿಕೊಂಡವರು ಎಂಬುದನ್ನು ಗಮನಿಸಿ. ಆದ್ದರಿಂದ ಅಪ್‌ಡೇಟನ್ನು ನಿಲ್ಲಿಸಬೇಡಿ, ತಡಮಾಡಿ. ಸೆಟ್ಟಿಂಗ್ಸ್‌ನಲ್ಲಿ ಕೆಲವು ವಾರಗಳವರೆಗೆ ಮುಂದೂಡುವ ಅವಕಾಶವಿದೆ. ತಿಂಗಳ ಭದ್ರತಾ ಅಪ್‌ಡೇಟ್‌ಗೆ ಒಂದು ವಾರ, ವರ್ಷಕ್ಕೊಮ್ಮೆ ಬರುವ ದೊಡ್ಡ ಪರಿಷ್ಕರಣೆಗೆ ಎರಡು ಮೂರು ತಿಂಗಳು ಕಾಯುವುದು ನನಗೆ ಸರಿಯೆನಿಸುತ್ತದೆ. ಮ್ಯಾಕ್ ಇರುವವರು ಪ್ರತಿ ವರ್ಷದ ಹೊಸ ಆವೃತ್ತಿಯನ್ನು ಅದರ ಮೊದಲನೆಯ ತಿದ್ದುಪಡಿ ಬಂದ ನಂತರ ಹಾಕಿಕೊಂಡರೆ ಸಾಕು. ಲಿನಕ್ಸ್ ಡೆಬಿಯನ್, ಉಬುಂಟು, ಆರ್ಚ್ ಮುಂತಾದ ಹಲವು ಬಗೆಗಳಲ್ಲಿ ಸಿಗುವುದರಿಂದ, ಅದರಲ್ಲಿ ಈ ಆಯ್ಕೆಯನ್ನು ಹಾಕಿಕೊಳ್ಳುವಾಗಲೇ ಮಾಡಬೇಕಾಗುತ್ತದೆ. ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ಭದ್ರತೆಯ ಮತ್ತು ದೊಡ್ಡ ದೋಷಗಳ ತಿದ್ದುಪಡಿಗಳನ್ನು ಬಿಟ್ಟರೆ ಮುಂದಿನ ಆವೃತ್ತಿಯವರೆಗೆ ಏನೂ ಬದಲಾಗುವುದಿಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬಂದು ಐದು ವರ್ಷ ಬಾಳುತ್ತದೆ. ಆರ್ಚ್‌ನಂಥವುಗಳಲ್ಲಿ ಹೊಸದು ಬಂದಂತೆಲ್ಲ ಸೇರುತ್ತಲೇ ಹೋಗುತ್ತದೆ. ತಂತ್ರಾಂಶ ಹಳೆಯದಾದರೂ ಪರವಾಗಿಲ್ಲ, ನಿನ್ನೆ ಇದ್ದಂತೆಯೇ ಇವತ್ತೂ ಇರಬೇಕೆನ್ನುವವರಿಗೆ ಡೆಬಿಯನ್‌ಗೆ ಸಮನಾದದ್ದು ವಿಂಡೋಸ್‌ನಲ್ಲೂ ಇಲ್ಲ, ಮ್ಯಾಕ್‌ನಲ್ಲೂ ಇಲ್ಲ.

ಪ್ರಶ್ನೆ: ನಮ್ಮಲ್ಲಿ ದಿನಕ್ಕೆ ಹಲವು ಬಾರಿ ಕರೆಂಟು ಹೋಗುತ್ತದೆ. ಕೆಲಸದ ನಡುವೆ ಗಣಕ ಆರಿದರೆ ಯಾವ ವ್ಯವಸ್ಥೆಯಲ್ಲಿ ಕಡತಗಳು ಸುರಕ್ಷಿತ?
– ಕೃಷಿಕರು, ಹಾಸನ ಜಿಲ್ಲೆ

ಉತ್ತರ: ಮೂರರಲ್ಲೂ ಸರಿಸುಮಾರು ಒಂದೇ. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮಗಳಾದ ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಇಎಕ್ಸ್‌ಟಿ4, ಡಿಸ್ಕಿನ ರಚನೆಯಲ್ಲಿ ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತವೆ. 2017ರಿಂದ ಮ್ಯಾಕ್‌ನಲ್ಲಿರುವ ಎಪಿಎಫ್‌ಎಸ್ ಹಳೆಯದನ್ನು ಮುಟ್ಟದೆ ಬದಲಾದದ್ದನ್ನು ಬೇರೆ ಕಡೆ ಬರೆಯುತ್ತದೆ. ಹಾಗಾಗಿ ಕರೆಂಟು ಹೋಗಿ ಬಂದಾಗ ವಿಂಡೋಸ್ 98ರ ಕಾಲದಂತೆ ಸ್ಕ್ಯಾನ್‌ಡಿಸ್ಕ್ ಎಂಬ ಡಿಸ್ಕ್ ತಪಾಸಣೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಆದರೆ ಈ ಏರ್ಪಾಡು ಕಾಯುವುದು ಡಿಸ್ಕಿನ ರಚನೆಯನ್ನೇ ಹೊರತು ನೀವು ಇನ್ನೂ ಸೇವ್ ಮಾಡದೆ ಇರುವ ಲೆಕ್ಕಪತ್ರವನ್ನಲ್ಲ. ವರ್ಡ್‌ನಲ್ಲಾಗಲಿ ಲಿಬ್ರೆಆಫೀಸ್‌ನಲ್ಲಾಗಲಿ ತಾನಾಗಿಯೇ ಉಳಿಸಿಕೊಳ್ಳುವ ಅವಧಿ 10 ನಿಮಿಷ ಎಂದಿರುತ್ತದೆ. ಅದನ್ನು 2 ನಿಮಿಷಕ್ಕೆ ಇಳಿಸಿಕೊಳ್ಳಿ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಎಫ್‌ಎಟಿ32 ಮತ್ತು ಎಕ್ಸ್‌ಫ್ಯಾಟ್‌ಗಳಲ್ಲಿ ಇಂಥ ದಿನಚರಿ ಇಲ್ಲ. ಆದ್ದರಿಂದ ಕಡತವನ್ನು ನೇರವಾಗಿ ಪೆನ್‌ಡ್ರೈವ್‌ನಲ್ಲಿಯೇ ತೆರೆದು ತಿದ್ದುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಇಷ್ಟೆಲ್ಲದರ ಬದಲು ಲ್ಯಾಪ್‌ಟಾಪ್ ಬಳಸಿದರೆ ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ.

ಪ್ರಶ್ನೆ: ನಮ್ಮ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಲ್ಲ ಎನ್ನುತ್ತದೆ. ವಿಂಡೋಸ್ 10ರಲ್ಲೇ ಮುಂದುವರಿದರೆ ಗಣಕ ಆಗಾಗ ಕುಸಿಯಲು ಆರಂಭಿಸುತ್ತದೆಯೇ?
– ಗೃಹಿಣಿ, ಉಡುಪಿ

ಉತ್ತರ: ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೆ ಬೆಂಬಲ ಮುಗಿದ ಮಾತ್ರಕ್ಕೆ ವ್ಯವಸ್ಥೆ ದುರ್ಬಲವಾಗುವುದಿಲ್ಲ. ಏನೂ ಬದಲಾಗದೆ ಇರುವುದರಿಂದ ಅದು ಮೊದಲಿಗಿಂತ ಸ್ಥಿರವಾಗಿ ನಡೆದರೂ ಆಶ್ಚರ್ಯವಿಲ್ಲ. ಅಪಾಯವಿರುವುದು ಭದ್ರತೆಯಲ್ಲಿ: ಹೊಸದಾಗಿ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ, ಮತ್ತು ಮನೆಯ ಬ್ಯಾಂಕ್ ವ್ಯವಹಾರ ಅದೇ ಗಣಕದಲ್ಲಿ ನಡೆಯುವುದಾದರೆ ಅದು ಸಣ್ಣ ಮಾತಲ್ಲ. ಮನೆಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತ್ತು.

ಅದಾದ ಮೇಲೂ ಲ್ಯಾಪ್‌ಟಾಪ್ ಗಟ್ಟಿಯಾಗಿದ್ದರೆ ಲಿನಕ್ಸ್ ಮಿಂಟ್ ಹಾಕಿಸಿ. ಕೆಲವು ವರ್ಷ ಹಳೆಯದಾದ ಲ್ಯಾಪ್‌ಟಾಪ್‌ಗಳ ಮೇಲೆ ಲಿನಕ್ಸ್ ಚೆನ್ನಾಗಿ ನಡೆಯುತ್ತದೆ. ಹಾಕಿಸುವ ಮೊದಲು ಅದನ್ನು ಪೆನ್‌ಡ್ರೈವ್‌ನಿಂದಲೇ ಒಂದು ಸಂಜೆ ನಡೆಸಿ, ವೈಫೈ ಸಿಗುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೇ, ಮನೆಯ ಪ್ರಿಂಟರ್ ಮುದ್ರಿಸುತ್ತದೆಯೇ ಎಂಬ ಮೂರನ್ನು ನೋಡಿಕೊಳ್ಳಿ. ಈ ಮೂರರಲ್ಲಿ ಪ್ರಿಂಟರ್ ಒಂದೇ ತಕರಾರು ಮಾಡಿದರೆ, ಮುದ್ರಿಸಬೇಕಾದದ್ದನ್ನು ಪಿಡಿಎಫ್ ಮಾಡಿ ಫೋನಿನಿಂದ ಕಳುಹಿಸಬಹುದು. ವೈಫೈ ತಕರಾರು ಮಾಡಿದರೆ ಲಿನಕ್ಸ್‌ಗೆ ಒಗ್ಗುವ ಸಣ್ಣ ಯುಎಸ್‌ಬಿ ಅಡಾಪ್ಟರ್ ಒಂದನ್ನು ಕೊಂಡರೆ ಸಾಕು.